ಹ್ಯಾಂಡಲ್ಲಿನ ಪಾಠಾಂತರ

ಕನ್ನಡದ ಮೇಷ್ಟ್ರೊಬ್ಬ ರೇಡಿಯೊದ ಮುಂದೆ ಕುಳಿತು ಸೈಕಲ್ಲಿನ ಹ್ಯಾಂಡಲ್ಲನ್ನು ಕುರಿತು ಮಾತನಾಡುತ್ತಾನೆಂದರೆ ಕೇಳುವವರಿಗೆ ವಿಚಿತ್ರವೆನ್ನಿಸೀತು. ಪಂಪ ರನ್ನರೆಲ್ಲ ಮುಗಿದುಹೋದರೇ ಎಂದು ನೀವು ಕೇಳಬಹುದು. ಮುಗಿದಿಲ್ಲ. ಆದರೆ ಮೂವತ್ತು ವರ್ಷ ತರಗತಿಯಲ್ಲಿ ನಾನು ಹೇಳಿಕೊಟ್ಟ ಒಂದು ಪಾಠ ನನಗೇ ಸರಿಯಾಗಿ ಅರ್ಥವಾದದ್ದು ತಿಪಟೂರಿನ ಒಂದು ಸೈಕಲ್ ಷಾಪಿನ ಮುಂದಿನ ಬೆಂಚಿನ ಮೇಲೆ. ಅದನ್ನು ಹೇಳದೆ ಇರುವುದು ನನ್ನಿಂದಾಗದು.

ನಮ್ಮ ಸೀಮೆಯ ಮನೆಗಳ ಅಟ್ಟವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿದ್ದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕುಲುಕಿದರೆ ಒಳಗೆ ಗಡಗಡ ಸದ್ದಾಗುತ್ತದೆ. ಆ ಸದ್ದು ಕೇಳಿದಾಗ ಇಳಿಸಿ ಸುಲಿಯಬೇಕು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಹೀಗೆ ಕಾಯಿ ಇಳಿಸುವಾಗ ಅಟ್ಟದ ಹಿಂಬದಿಯಲ್ಲಿ ನಮ್ಮ ತಂದೆಯವರ ಸೈಕಲ್ಲು ಕಂಡಿತು. ಅವರು ತೀರಿಕೊಂಡದ್ದು 1994ರಲ್ಲಿ. ಅಲ್ಲಿಂದೀಚೆಗೆ ಅದು ತೆಂಗಿನಕಾಯಿಗಳ ಮಧ್ಯೆ ಚಕ್ರ ಮೇಲಾಗಿ ಮಲಗಿತ್ತು.

ತಂದೆಯವರು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮಂಡಿಯ ಲೆಕ್ಕ ಬರೆಯುವುದು ಅರ್ಧ ಕೆಲಸವಾದರೆ ಹಳ್ಳಿಹಳ್ಳಿಗೆ ಹೋಗಿ ತೋಟದವರ ಅಟ್ಟ ನೋಡಿ ಬರುವುದು ಇನ್ನರ್ಧ. ನೊಣವಿನಕೆರೆ, ಹೊನ್ನವಳ್ಳಿ, ಕಿಬ್ಬನಹಳ್ಳಿ ಕ್ರಾಸು, ಒಮ್ಮೊಮ್ಮೆ 15 ಮೈಲಿಗೂ ಮಿಕ್ಕ ದೂರದ ಚಿಕ್ಕನಾಯಕನಹಳ್ಳಿ. ಬಸ್ಸು ದಿನಕ್ಕೊಂದೋ ಎರಡೋ ಇದ್ದ ಕಾಲ. ಮದುವೆಯಲ್ಲಿ ಗಂಡಿಗೆ ಸೈಕಲ್ಲು, ವಾಚು, ರೇಡಿಯೊ ಕೊಟ್ಟರೆ ಊರೆಲ್ಲ ಮಾತನಾಡಿಕೊಳ್ಳುತ್ತಿದ್ದ ಕಾಲ. ನಮ್ಮ ತಂದೆಯವರಿಗೆ ಅದನ್ನು ಯಾರೂ ಕೊಡಲಿಲ್ಲ. 1948ರಲ್ಲಿ ಬೆಂಗಳೂರಿಗೆ ಹೋಗಿ ದಂಡಿನ ಕಡೆಯಿಂದ ಬಂದ ಹಳೆಯ ಸೈಕಲ್ಲೊಂದನ್ನು ಕೊಂಡು, ರೈಲಿನಲ್ಲಿ ಹಾಕಿಕೊಂಡು ಬಂದರಂತೆ. ಪೆಡಲಿನ ಹಲ್ಲುಚಕ್ರದಲ್ಲಿ ಬಿ.ಎಸ್.ಎ. ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕೊರೆದಿದೆ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ 1861ರಲ್ಲಿ ಬಂದೂಕು ಮಾಡುವುದಕ್ಕೆಂದೇ ಹುಟ್ಟಿದ ಕಂಪನಿ. ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರವೇ ಅದರ ಮುದ್ರೆ. ಬಾಲ್ಯದಲ್ಲಿ ನಾನು ಅದನ್ನು ಒಲೆಗೆ ಜೋಡಿಸಿದ ಸೌದೆಯೆಂದು ತಿಳಿದಿದ್ದೆ.

ಸೈಕಲ್ಲನ್ನು ಓವರಾಯಿಲ್ ಮಾಡಿಸಬೇಕೆಂದು ಹೊರಟೆ. ‘ಓವರ್‌ಹಾಲ್’ ಎಂಬ ಮಾತು ನಮ್ಮ ಕಡೆ ಬಂದು ‘ಓವರಾಯಿಲ್’ ಆಗಿದೆ. ಎಣ್ಣೆ ಹಾಕುವ ಕೆಲಸವೂ ಅದರಲ್ಲಿ ಸೇರಿರುವುದರಿಂದ ಮೂಲಕ್ಕಿಂತ ಈ ತದ್ಭವವೇ ಹೆಚ್ಚು ಅರ್ಥವತ್ತಾಗಿದೆಯೆಂದು ನನ್ನ ಅಭಿಪ್ರಾಯ. ಷಾಪಿನ ಯಜಮಾನರು ನನಗಿಂತ ಹತ್ತು ವರ್ಷ ಹಿರಿಯರು. ಸೈಕಲ್ಲನ್ನು ನೋಡಿ ಮೊದಲು ಅವರ ಕೈ ಹೋದದ್ದು ಹ್ಯಾಂಡಲ್ಲಿನ ಮೇಲೆ. ಅದಕ್ಕೆ ಕಪ್ಪು ಬಣ್ಣ ಬಳಿದಿತ್ತು. “ತುಕ್ಕು ಹಿಡಿದದ್ದಕ್ಕೆ ನಿಮ್ಮ ತಂದೆಯೋರು ಬಣ್ಣ ಹೊಡೆದವ್ರೆ ಮೇಷ್ಟ್ರೇ. ಕಳಚಿ ಬೆಂಗ್ಳೂರಿಗೆ ಕಳಿಸಿ ಕ್ರೋಮಿಯಂ ಹಾಕಿಸಿದ್ರೆ ಕನ್ನಡಿ ಆಗ್ತದೆ” ಎಂದರು. ನನಗೂ ಅದೇ ಸರಿಯೆನ್ನಿಸಿತು. ಹಳೆಯದನ್ನು ಹೊಸದರಂತೆ ಮಾಡುವುದೇ ಜೀರ್ಣೋದ್ಧಾರವೆಂದು ನಾನೂ ಭಾವಿಸಿದ್ದೆ.

ಈ ಹ್ಯಾಂಡಲ್ಲು ಎಂಬುದರ ವಂಶಾವಳಿ ಸ್ವಾರಸ್ಯವಾದದ್ದು. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರದ ಓಟದ ಯಂತ್ರವನ್ನು ಮಾಡಿದಾಗ ಅದಕ್ಕೆ ಪೆಡಲಿರಲಿಲ್ಲ, ನೆಲವನ್ನು ಕಾಲಿಂದ ಒದ್ದು ಓಡಿಸಬೇಕಾಗಿತ್ತು. ಆದರೆ ತಿರುಗಿಸುವ ಕೋಲು ಇತ್ತು, ಮುಂಗೈ ಊರಿಕೊಳ್ಳಲು ಮೆತ್ತೆ ಹಾಕಿದ ಒಂದು ಹಲಗೆಯೂ ಇತ್ತು. ಎಂದರೆ ಸೈಕಲ್ಲಿಗೆ ಪೆಡಲಿಗಿಂತ ಮೊದಲು ಹುಟ್ಟಿದ್ದು ಹಿಡಿ. 1870ರ ದಶಕದಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಒಂದು ಪುಟ್ಟ ಚಕ್ರ ಇರುವ ಸೈಕಲ್ಲುಗಳು ಬಂದವು. ಅವಕ್ಕೆ ಮೊದಲು ನೇರವಾದ ಗಿಡ್ಡ ಹಿಡಿ. ತುಳಿಯುವಾಗ ಮಂಡಿಗೆ ಬಡಿಯುತ್ತದೆಂದು ಆಮೇಲೆ ಅದನ್ನು ಮೀಸೆಯಂತೆ ಕೆಳಕ್ಕೆ ಬಾಗಿಸಿದರು. ಇಳಿಜಾರಿನಲ್ಲಿ ಸವಾರರು ಎರಡೂ ಕಾಲನ್ನು ಹಿಡಿಯ ಮೇಲಿಂದ ಮುಂದಕ್ಕೆ ಚಾಚಿಕೊಳ್ಳುತ್ತಿದ್ದರು. ಮುಗ್ಗರಿಸಿದರೆ ತಲೆಯ ಬದಲು ಕಾಲು ಮೊದಲು ನೆಲಕ್ಕೆ ತಾಗಲಿ ಎಂಬ ಮುಂದಾಲೋಚನೆ!

1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ಲನ್ನು ತಂದ. ಅದರ ಮೊದಲ ಮಾದರಿಯಲ್ಲಿ ಹಿಡಿ ಒಂದು ಕಡೆ, ಮುಂದಿನ ಫೋರ್ಕು ಒಂದು ಕಡೆ. ನಡುವೆ ಕಡಿವಾಣದಂಥ ಸಲಾಕಿಗಳು. ಬೇಗನೆ ಅವನ್ನು ತೆಗೆದುಹಾಕಿ ಹಿಡಿಯ ಕತ್ತನ್ನು ನೇರವಾಗಿ ಫೋರ್ಕಿನ ಕೊಳವೆಯೊಳಕ್ಕೆ ಇಳಿಸಿದರು. ಇಂದು ನಾವು ನೋಡುವ ಸೈಕಲ್ಲಿನ ಆಕಾರ ನಿಂತದ್ದು ಅಲ್ಲಿಂದ. 1888ರಲ್ಲಿ ಡನ್‌ಲಪ್ಪನ ಗಾಳಿಯ ಟೈರು ಬಂತು. ಆಮೇಲೆ ಸೈಕಲ್ಲು ಲೋಕವನ್ನೆಲ್ಲ ಸುತ್ತಿತು. ಕತ್ತೆಂದರೆ ನೆನಪಾಗುತ್ತದೆ: ಹಿಂದಕ್ಕೂ ಮುಂದಕ್ಕೂ ಜರುಗಿಸಬಹುದಾದ ಒಂದು ಬಗೆಯ ಕತ್ತಿಗೆ ಪಶ್ಚಿಮದಲ್ಲಿ ಇಂದಿಗೂ ‘ಮೇಜರ್ ಟೇಲರ್’ ಎಂದು ಹೆಸರು. ಆತ ಅಮೆರಿಕದ ಕಪ್ಪು ಜನಾಂಗದ ಪಂದ್ಯಗಾರ; 1899ರಲ್ಲಿ ಮಾಂಟ್ರಿಯಲ್ಲಿನಲ್ಲಿ ಲೋಕದ ಚಾಂಪಿಯನ್ ಆದವನು. ಜೊತೆಗೆ ಓಡಲೊಲ್ಲದ ಬಿಳಿಯರ ನಡುವೆ ಗೆದ್ದವನ ಹೆಸರು ಒಂದು ಕಬ್ಬಿಣದ ತುಂಡಿನಲ್ಲಿ ಉಳಿದುಕೊಂಡಿದೆ.

ಇಂಗ್ಲಿಷಿನಲ್ಲಿ ‘ಸ್ಟೆಮ್’ ಎನ್ನುವುದನ್ನು ನಾನು ಕತ್ತು ಎನ್ನುತ್ತಿದ್ದೇನೆ. ಇದು ನನ್ನ ಸೃಷ್ಟಿಯಲ್ಲ, ಷಾಪಿನ ಯಜಮಾನರದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ತೀ.ನಂ.ಶ್ರೀ.ಯವರ ಊರು. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಕ್ಕೆ ಕೊಟ್ಟ ಆ ಮಹನೀಯರು ಸೈಕಲ್ಲಿನ ಅಂಗಾಂಗಗಳಿಗೆ ಹೆಸರಿಡುವ ಗೊಡವೆಗೆ ಹೋಗಲಿಲ್ಲ. ಹೋಗಿದ್ದರೂ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕುತ್ತಿತ್ತೆಂದು ನನಗೆ ತೋರುವುದಿಲ್ಲ.

ನಮ್ಮ ಹಳ್ಳಿಗಳ ದಾರಿಯಲ್ಲಿ ಓಡಿದ ಸೈಕಲ್ಲುಗಳಲ್ಲಿ ಹಿಡಿಯೂ ಕತ್ತೂ ಬೇರೆ ಬೇರೆಯಲ್ಲ. ಎರಡನ್ನೂ ಹಿತ್ತಾಳೆಯ ಬೆಸುಗೆಯಿಂದ ಒಂದು ಮಾಡಿರುತ್ತಾರೆ. ಬ್ರೇಕಿನ ಸನ್ನೆಗಳು ಹಿಡಿಯ ಕೆಳಗೆ ಅದರ ಉದ್ದಕ್ಕೂ ಸಾಗಿ, ಅಲ್ಲಿಂದ ಕಬ್ಬಿಣದ ರಾಡುಗಳು ಇಳಿದು, ಚಕ್ರದ ರಿಮ್ಮನ್ನು ಒಳಮೈಯಿಂದ ಮೇಲಕ್ಕೆ ಅದುಮುತ್ತವೆ. ಪಂದ್ಯದ ಸೈಕಲ್ಲುಗಳಲ್ಲಾದರೋ ಕತ್ತು ಬೇರೆ, ಹಿಡಿ ಬೇರೆ. ಬೇಕಾದ ಕತ್ತಿಗೆ ಬೇಕಾದ ಹಿಡಿಯನ್ನು ಬಿಗಿದುಕೊಳ್ಳಬಹುದು. ನಮ್ಮದರಲ್ಲಿ ಆ ಸ್ವಾತಂತ್ರ್ಯವಿಲ್ಲ. ಹಿಡಿಯನ್ನು ಆರಿಸಿದರೆ ಕತ್ತನ್ನೂ ಬ್ರೇಕನ್ನೂ ಆರಿಸಿದ ಹಾಗೆಯೇ.

ಇರಲಿ. ಹ್ಯಾಂಡಲ್ಲನ್ನು ಕಳಚುವುದೇ ಮೂರು ದಿನದ ಕೆಲಸವಾಯಿತು. ಕತ್ತಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಉದ್ದನೆಯ ಬೋಲ್ಟು. ಅದರ ತುದಿಯಲ್ಲೊಂದು ಶಂಕುವಿನಾಕಾರದ ತುಂಡು. ಬೋಲ್ಟನ್ನು ಬಿಗಿದರೆ ಶಂಕು ಮೇಲಕ್ಕೇರಿ, ಕತ್ತಿನ ಸೀಳಿದ ತುದಿಯನ್ನು ಅಗಲಿಸಿ, ಫೋರ್ಕಿನ ಕೊಳವೆಯೊಳಗೆ ಕಚ್ಚಿಸುತ್ತದೆ. ಬಿಡಿಸುವಾಗ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ನಮ್ಮದು ಜಗ್ಗಲಿಲ್ಲ. ತಂದೆಯವರು ಎಲ್ಲ ಕೀಲಿಗೂ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಕೊಬ್ಬರಿಯ ಊರಿನಲ್ಲಿ ಇದು ಸಹಜವೇ. ಆದರೆ ಯಂತ್ರಕ್ಕೆ ಅದಕ್ಕಿಂತ ಕೆಟ್ಟ ಎಣ್ಣೆ ಅಪರೂಪ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಧನುರ್ಮಾಸದ ಬೆಳಗಿನಲ್ಲಿ ಬಟ್ಟಲೊಳಗೆ ಬೆಳ್ಳಗೆ ಕೂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ವರ್ಷಗಳು ಕಳೆದಂತೆ ಧೂಳು ಕುಡಿದು ಅಂಟಾಗುತ್ತದೆ. ಆ ಅಂಟನ್ನು ಕರಗಿಸಲು ಯಜಮಾನರು ಸೀಮೆಎಣ್ಣೆ ಬಿಟ್ಟು ಮೂರು ರಾತ್ರಿ ಕಾದರು. ನಾಲ್ಕನೆಯ ದಿನ ಹ್ಯಾಂಡಲ್ಲು ಕೈಗೆ ಬಂತು.

ಕ್ರೋಮಿಯಮ್ಮಿಗೆ ಕಳಿಸುವ ಮೊದಲು ಬಣ್ಣ ಕೆರೆಯಬೇಕಲ್ಲ. ಒಂದು ಮೂಲೆಯನ್ನು ನಾನೇ ಬ್ಲೇಡಿನಿಂದ ಕೆರೆದೆ. ಕಪ್ಪಿನ ಕೆಳಗೆ ತುಕ್ಕು ಸಿಕ್ಕಬೇಕಾಗಿತ್ತು, ಹಳೆಯ ಹೊಳಪಿನ ಚಕ್ಕೆಯಾದರೂ ಸಿಕ್ಕಬೇಕಾಗಿತ್ತು. ಸಿಕ್ಕಿದ್ದು ಹಸಿರು: ಪಾಚಿಗಟ್ಟಿದ ಕಲ್ಲಿನಂಥ ಮಂಕು ಹಸಿರು. ಅದರ ಕೆಳಗೆ ಬರಿಯ ಉಕ್ಕು. ನಿಕ್ಕಲ್ಲಿಲ್ಲ, ಕ್ರೋಮಿಯಮ್ಮಿಲ್ಲ. ಸುಮಾರು 1930ರವರೆಗೆ ಹ್ಯಾಂಡಲ್ಲುಗಳಿಗೆ ನಿಕ್ಕಲ್ ಲೇಪ, ಆಮೇಲೆ ಕ್ರೋಮಿಯಂ; ಎರಡೂ ಸಿಕ್ಕುವುದು ಕಷ್ಟವಾಗಿದ್ದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆ ಲೋಹಗಳು ಯುದ್ಧಸಾಮಗ್ರಿಗೆ ಬೇಕಾಗಿದ್ದವು. ಸೈನ್ಯದ ಸೈಕಲ್ಲುಗಳ ಮಾತಂತೂ ಬೇರೆಯೇ: ಮಿಂಚಿದರೆ ಶತ್ರುವಿನ ಕಣ್ಣಿಗೆ ಬೀಳುತ್ತದೆಂದು ಹಿಡಿಗೂ ರಿಮ್ಮಿಗೂ ಮಂಕು ಬಣ್ಣವನ್ನೇ ಬಳಿಯುತ್ತಿದ್ದರು. ನಮ್ಮ ಹ್ಯಾಂಡಲ್ಲು ಎಂದೂ ಹೊಳೆದದ್ದಲ್ಲ. ಹೊಳೆಯಬಾರದೆಂದೇ ಹುಟ್ಟಿದ್ದು. ನಾನು ಅದಕ್ಕೆ ಕನ್ನಡಿಯ ಹೊಳಪು ಕೊಡಿಸಿ, ಅದನ್ನು ಪುನರುದ್ಧಾರವೆಂದು ಕರೆಯಲು ಹೊರಟಿದ್ದೆ!

ತರಗತಿಯಲ್ಲಿ ನಾನು ಹೇಳಿಕೊಟ್ಟ ಪಾಠವೆಂದೆನಲ್ಲ, ಅದು ಗ್ರಂಥಸಂಪಾದನೆ. ಓಲೆಗರಿಯ ಪ್ರತಿಯಲ್ಲಿ ಅರ್ಥವಾಗದ ಪದವೊಂದು ಬಂದಾಗ ಅವಸರದ ಲಿಪಿಕಾರ ಅದನ್ನು ತನಗೆ ತಿಳಿದ ಸುಲಭ ಪದವಾಗಿ ತಿದ್ದಿಬಿಡುತ್ತಾನೆ. ಅದಕ್ಕೇ ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲದ್ದಾಗಿರುವ ಸಂಭವ ಹೆಚ್ಚು ಎನ್ನುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮುಂದಿಟ್ಟುಕೊಂಡು ವರ್ಷವರ್ಷವೂ ಇದನ್ನು ಒಪ್ಪಿಸಿದವನು ನಾನು. ಕಪ್ಪು ಬಣ್ಣವೆಂಬ ಕ್ಲಿಷ್ಟಪಾಠ ಎದುರಿಗೆ ಬಂದಾಗ ಮಾತ್ರ ಆ ಅವಸರದ ಲಿಪಿಕಾರನೇ ಆಗಿಬಿಟ್ಟೆ. ಹಸಿರಿನ ಮೇಲೆ ಕಪ್ಪು ಬಳಿದವರು ತಂದೆಯವರೇ ಇರಬೇಕು. ದಂಡಿನ ಬಣ್ಣ ಮಂಡಿಯ ಗುಮಾಸ್ತನಿಗೆ ಒಪ್ಪುವುದಿಲ್ಲವೆಂದೇನೋ.

ಹಾಗಾದರೆ ಇದನ್ನು ಹೀಗೆಯೇ ತೊಳೆದು ಮತ್ತೆ ಕೂರಿಸಿಬಿಡೋಣವೆಂದೆ. ಯಜಮಾನರು ಮಾತಾಡದೆ ಕತ್ತನ್ನು ಬೆಳಕಿಗೆ ಹಿಡಿದು ನನಗೆ ಎರಡು ಗುರುತು ತೋರಿಸಿದರು. ಮೊದಲನೆಯದು, ಕತ್ತಿನ ಸುತ್ತ ಬಳೆಯಂತೆ ಎರಡು ತುಕ್ಕಿನ ಗೆರೆಗಳು, ಒಂದಕ್ಕೊಂದು ಎರಡು ಅಂಗುಲ ದೂರದಲ್ಲಿ. ಕತ್ತು ಕೊಳವೆಯೊಳಕ್ಕೆ ಇಳಿಯುವ ಜಾಗದಲ್ಲಿ ನೀರು ನಿಂತು ಗೆರೆ ಬೀಳುತ್ತದೆ. ಎರಡು ಗೆರೆಯಿದ್ದರೆ ಹ್ಯಾಂಡಲ್ಲು ಎರಡು ಎತ್ತರಗಳಲ್ಲಿ ಬಹುಕಾಲ ನಿಂತಿತ್ತೆಂದು ಅರ್ಥ. ಎರಡನೆಯ ಸಲ ಅದನ್ನು ಎತ್ತಿಸಿದ್ದಾರೆ, ಮಿತಿಮೀರಿ ಎತ್ತಿಸಿದ್ದಾರೆ. ಕೊನೆಯ ಪಕ್ಷ ಎರಡೂವರೆ ಅಂಗುಲ ಕತ್ತು ಕೊಳವೆಯೊಳಗೆ ಇರಬೇಕು. ಈಗಿನ ಕತ್ತುಗಳ ಮೇಲೆ ಅದಕ್ಕೊಂದು ಗೆರೆಯನ್ನೇ ಕೊರೆದಿರುತ್ತಾರೆ. ನಮ್ಮದು ಒಳಗಿದ್ದದ್ದು ಒಂದೂವರೆ ಅಂಗುಲಕ್ಕಿಂತ ಕಡಿಮೆ. ಎರಡನೆಯ ಗುರುತು ಅದರ ಫಲ. ಸೀಳಿನ ತುದಿಯಿಂದ ಮೇಲಕ್ಕೆ ಕೂದಲೆಳೆಯಂಥ ಒಂದು ಬಿರುಕು, ಕಿರುಬೆರಳಿನ ಒಂದು ಗಿಣ್ಣಿನಷ್ಟು ಉದ್ದ. “ಮೇಷ್ಟ್ರೇ, ಇದರ ಕತ್ತು ಮುರಿದ್ರೆ ತುಳಿಯೋರ ಕತ್ತೂ ಮುರೀತದೆ” ಎಂದರು.

ತಂದೆಯವರು ಲೆಕ್ಕದ ಮನುಷ್ಯರು. ಒಂದು ಕಾಸಿನ ವ್ಯತ್ಯಾಸಕ್ಕೆ ರಾತ್ರಿಯೆಲ್ಲ ಖಾತೆ ತಿರುವುತ್ತಿದ್ದವರು. ಅವರು ಇಂಥ ಅಜಾಗರೂಕತೆ ಏಕೆ ಮಾಡಿದರು? ಹ್ಯಾಂಡಲ್ಲಿನ ಎರಡೂ ಕಡೆ ಕಾಯಿಯ ಚೀಲ ತೂಗುಹಾಕಿಕೊಂಡು ಬರುತ್ತಿದ್ದುದು ನನಗೆ ನೆನಪಿದೆ. ಎತ್ತಿದ ಕತ್ತಿನ ಮೇಲೆ ಆ ಭಾರ ಮೀಟುಗೋಲಿನಂತೆ ಕೆಲಸ ಮಾಡಿರಬೇಕು. ಮೂವತ್ತು ವರ್ಷ ಹಾಗೆ ಓಡಾಡಿದ್ದಾರೆ. ತುರುವೇಕೆರೆಯಲ್ಲಿರುವ ನಮ್ಮ ಅಕ್ಕನಿಗೆ ಫೋನು ಮಾಡಿದಾಗ ಬೇರೆ ಮಾತಿನ ನಡುವೆ ಇದನ್ನೂ ಕೇಳಿದೆ. ನನಗಿಂತ ಹತ್ತು ವರ್ಷ ದೊಡ್ಡವರು. ಒಡನೆಯೇ ಹೇಳಿದರು: “ನಿನ್ನ ದೆಸೆಯಿಂದ ಕಣೋ. ಬಾರಿನ ಮೇಲೆ ಪುಟ್ಟ ಸೀಟು ಹಾಕ್ಸಿ ನಿನ್ನ ಕೂರಿಸ್ಕೋತಿದ್ರು, ನಾನು ಹಿಂದೆ ಕ್ಯಾರಿಯರ್ ಮೇಲೆ. ಜಾತ್ರೆಗೆ ಹೋಗ್ತಾ ಒಂದು ಸಲ ಗುಂಡಿಗೆ ಇಳಿದಾಗ ನಿನ್ನ ಗದ್ದ ಹ್ಯಾಂಡಲ್ಲಿಗೆ ಹೊಡೆದು ರಕ್ತ ಬಂತು. ಮಾರನೇ ದಿನವೇ ಎತ್ತಿಸ್ಕೊಂಡು ಬಂದ್ರು.” ನನ್ನ ಗದ್ದದ ಕೆಳಗೆ ಒಂದು ಗೀರಿದೆ. ಕ್ಷೌರ ಮಾಡಿಕೊಳ್ಳುವಾಗ ದಿನವೂ ಬ್ಲೇಡಿಗೆ ತಗಲುತ್ತದೆ. ಅದು ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಿರಲಿಲ್ಲ. ನಾನು ದೊಡ್ಡವನಾಗಿ ಬಾರಿನ ಮೇಲಿಂದ ಇಳಿದೆ. ಹ್ಯಾಂಡಲ್ಲನ್ನು ಮತ್ತೆ ಇಳಿಸಬೇಕೆಂಬುದು ಅವರಿಗೆ ಮರೆತುಹೋಗಿರಬೇಕು.

ಈಗ ಸಂಪಾದಕನಿಗೆ ನಿಜವಾದ ಕಷ್ಟ. ಮೂಲಪಾಠ ಯಾವುದು? ಕಾರ್ಖಾನೆಯವರು ಕೂರಿಸಿದ ಎತ್ತರವೋ, ತಂದೆ ಎತ್ತಿಸಿದ ಎತ್ತರವೋ? ಹಸಿರೋ, ಕಪ್ಪೋ? ಓಲೆಗರಿಯ ವಿಷಯದಲ್ಲಾದರೆ ಕವಿಯ ಕೈಬರಹಕ್ಕೆ ಆದಷ್ಟು ಹತ್ತಿರ ಹೋಗಬೇಕೆಂದು ಹೇಳಿಬಿಡಬಹುದು. ಸೈಕಲ್ಲಿಗೆ ಕವಿ ಯಾರು? ಮಾಡಿದವರು ಮಾಡಿ ಕಳಿಸಿದರು. ಐವತ್ತು ವರ್ಷ ತುಳಿದವರು ತುಳಿದರು. ಇದೆಲ್ಲದರ ಜೊತೆಗೆ ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗಳು ಇದನ್ನು ತಾನು ತುಳಿಯಲೇಬೇಕೆಂದು ಹಠ ಹಿಡಿದಿದ್ದಳು. ಗೋಡೆಗೆ ನೇತುಹಾಕುವ ಸೈಕಲ್ಲಾಗಿದ್ದರೆ ಬಿರುಕಿಗೆ ನಾನು ಹೆದರಬೇಕಾಗಿರಲಿಲ್ಲ.

ಬಿರುಕಿಗೆ ಬೆಸುಗೆ ಹಾಕಿಸಬಹುದಲ್ಲ ಎಂದು ಕೇಳಿದವರಿದ್ದಾರೆ. ಅಷ್ಟು ತೆಳುವಾದ ಕೊಳವೆಗೆ ಬೆಸುಗೆಯ ಕಾವು ತಗುಲಿದರೆ ಪಕ್ಕದಲ್ಲೇ ಇನ್ನೊಂದು ಕಡೆ ದುರ್ಬಲವಾಗುತ್ತದೆ. ಕೈಯ ಭಾರವನ್ನೆಲ್ಲ ಹೊರುವ ಜಾಗದಲ್ಲಿ ಆ ಜೂಜು ಬೇಡವೆಂದರು ಯಜಮಾನರು. ಮೊಮ್ಮಗಳ ಸಲಹೆ ಬೇರೆ: “ತಾತ, ಫ್ಲಾಟ್ ಹ್ಯಾಂಡಲ್ ಹಾಕ್ಸಿ, ಕೇಬಲ್ ಬ್ರೇಕ್ ಹಾಕ್ಸಿ, ಮಸ್ತಾಗಿರತ್ತೆ.” ಅದೂ ಆಗದ ಮಾತು. ರಾಡಿನ ಬ್ರೇಕಿಗಾಗಿ ಮಾಡಿದ ರಿಮ್ಮಿನ ಪಕ್ಕೆ ದುಂಡಗಿರುತ್ತದೆ. ಕೇಬಲ್ ಬ್ರೇಕಿನ ರಬ್ಬರು ಅದನ್ನು ಹಿಡಿಯುವುದಿಲ್ಲ. ಹ್ಯಾಂಡಲ್ಲು ಬದಲಾದರೆ ಬ್ರೇಕು ಬದಲಾಗಬೇಕು, ಬ್ರೇಕು ಬದಲಾದರೆ ರಿಮ್ಮು, ರಿಮ್ಮು ಬದಲಾದರೆ ಉಳಿಯುವುದೇನು? ನಮ್ಮ ಹಳೆಯ ಪದ್ಯಗಳಲ್ಲಿ ಎರಡನೆಯ ಅಕ್ಷರದ ಪ್ರಾಸ ಕಡ್ಡಾಯ. ಒಂದು ಪಾದದ ಆ ಅಕ್ಷರವನ್ನು ಮುಟ್ಟಿದರೆ ಉಳಿದ ಮೂರು ಪಾದಗಳನ್ನೂ ಮುಟ್ಟಬೇಕು. ಇದು ಅಂಥ ಪದ್ಯ.

ಉಳಿದದ್ದು ಎರಡು ದಾರಿ. ಲೂಧಿಯಾನದಿಂದ ಬರುವ ಹೊಸ ಹ್ಯಾಂಡಲ್ಲು, ಪಳಪಳ ಹೊಳೆಯುವಂಥದು. ಇಲ್ಲವೆ ಗುಜರಿಯಲ್ಲಿ ಹುಡುಕುವುದು. ಗುಜರಿಯ ಕಡೆಗೆ ನನ್ನ ಮನಸ್ಸು. ಚಿಕ್ಕನಾಯಕನಹಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ಸೆನ್-ರ್‍ಯಾಲಿ ಸೈಕಲ್ಲಿನ ಹ್ಯಾಂಡಲ್ಲು ಸಿಕ್ಕಿತು. ಸ್ವಾತಂತ್ರ್ಯದ ಹೊಸತರಲ್ಲಿ ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್, ಸೋನೆಪತ್ತಿನ ಅಟ್ಲಾಸ್, ಬಂಗಾಳದ ಆಸನ್‌ಸೋಲಿನ ಸೆನ್-ರ್‍ಯಾಲಿ ಇವೆಲ್ಲ ಎದ್ದವು. ಇಂಗ್ಲೆಂಡಿನ ಅಚ್ಚಿನಲ್ಲೇ ಭಾರತದ ಸೈಕಲ್ಲು ತಯಾರಾಯಿತು. 1957ರಲ್ಲಿ ಬಿ.ಎಸ್.ಎ. ತನ್ನ ಸೈಕಲ್ ವ್ಯವಹಾರವನ್ನು ರ್‍ಯಾಲಿಗೇ ಮಾರಿತು. ಆದ್ದರಿಂದ ಈ ಎರಡರ ನಂಟಸ್ತಿಕೆಗೆ ನಾನು ಹೊಸದಾಗಿ ಶಾಸ್ತ್ರ ಹುಡುಕಬೇಕಾಗಿಲ್ಲ. ಸೆನ್-ರ್‍ಯಾಲಿಯನ್ನು ಬೊಂಬಾಯಿಯ ಹಿಂದ್ ಸೈಕಲ್ಸ್ ಜೊತೆಗೆ 1980ರಲ್ಲಿ ಸರಕಾರವೇ ವಹಿಸಿಕೊಂಡಿತು. ಆಮೇಲೆ ಅವು ಮುಚ್ಚಿಹೋದವು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನವಂತೆ!

ಗುಜರಿಯ ಹ್ಯಾಂಡಲ್ಲನ್ನು ಪರೀಕ್ಷಿಸುವ ಕ್ರಮವನ್ನು ಯಜಮಾನರಿಂದ ಕಲಿತೆ. ಕಲ್ಲುಚಪ್ಪಡಿಯ ಮೇಲೆ ಬೋರಲು ಹಾಕಿ ಎರಡೂ ಹಿಡಿಗಳು ಒಂದೇ ಮಟ್ಟದಲ್ಲಿ ಕೂರುತ್ತವೆಯೇ ನೋಡಬೇಕು. ಬೆಸುಗೆಯ ಸುತ್ತ ಉಗುರಾಡಿಸಿ ತುಕ್ಕಿನ ಗುಳಿಗಳಿವೆಯೇ ನೋಡಬೇಕು. ಹೊಳಪಿನ ಕೆಳಗೇ ತುಕ್ಕು ಬಿಲ ತೋಡಿಕೊಂಡಿರುತ್ತದೆ. ಸ್ಪ್ಯಾನರಿನಿಂದ ತಟ್ಟಿದರೆ ಗಂಟೆಯಂತೆ ನುಡಿಯಬೇಕು, ಒಡಕು ಮಡಕೆಯ ದನಿ ಬಂದರೆ ಕೂಡದು. ಕತ್ತಿನ ದಪ್ಪ ಮುಕ್ಕಾಲು ಅಂಗುಲದ ಮೇಲೆ ಅರೆಪಾಲು, ಎಂದರೆ 22.2 ಮಿಲಿಮೀಟರು. ಹಳೆಯ ಫ್ರೆಂಚ್ ಸೈಕಲ್ಲುಗಳಲ್ಲಿ 22 ಮಾತ್ರ. ಕಣ್ಣಿಗೆ ಕಾಣದ ಆ ವ್ಯತ್ಯಾಸ ಸಾಕು, ಒಂದು ಇನ್ನೊಂದರೊಳಕ್ಕೆ ಇಳಿಯುವುದಿಲ್ಲ. ನಮ್ಮದು ಇಳಿಯಿತು. ಮುಂದಿನ ಬ್ರೇಕಿನ ರಾಡು ಕಾಲಂಗುಲ ಉದ್ದವಾಯಿತು; ಅದನ್ನು ಕತ್ತರಿಸಿ ಮರೆ ಕೊರೆಸಿದೆವು. ಕ್ರೋಮಿಯಂ ಅಲ್ಲಲ್ಲಿ ಸವೆದಿತ್ತು, ಹಾಗೆಯೇ ಬಿಟ್ಟೆವು. ಎತ್ತರವನ್ನು ಮಾತ್ರ ಪೂರಾ ಇಳಿಸಿ ಬಿಗಿಸಿದೆ. ಬಾರಿನ ಮೇಲೆ ಈಗ ಯಾರೂ ಕೂರುವುದಿಲ್ಲವಲ್ಲ.

ಮೊಮ್ಮಗಳಿಗೆ ಬಾರಿನ ಸೈಕಲ್ಲು ಗೊತ್ತಿಲ್ಲ. 2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಹೆಣ್ಣುಮಕ್ಕಳದಕ್ಕೆ ಬಾರಿರಲಿಲ್ಲ. ಅವಳು ನೋಡಿದ್ದು ಅಂಥವನ್ನೇ. ನಮ್ಮ ಕಾಲದಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದೆವೆಂದು ತೋರಿಸಹೋಗಿ ನಾನೇ ಬೀಳುವುದರಲ್ಲಿದ್ದೆ. ಅವಳು ನಕ್ಕು, ಕಾಲೆತ್ತಿ ಹಾಕಿ ಹತ್ತಿ, ಹೊನ್ನವಳ್ಳಿಯ ರಸ್ತೆಯಲ್ಲಿ ತೋಟದ ತಿರುವಿನವರೆಗೆ ಹೋಗಿ ಬಂದಳು. “ಬ್ರೇಕು ಸುಮಾರು, ಬೆಲ್ಲು ಸೂಪರ್” ಎಂದು ವಿಮರ್ಶೆ ಹೇಳಿದಳು.

ತ್ಯಜಿಸಿದ ಪಾಠವನ್ನು ಸಂಪಾದಕ ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ಹಳೆಯ ಹ್ಯಾಂಡಲ್ಲು ನಮ್ಮ ಪಡಸಾಲೆಯ ಗೋಡೆಯ ಮೊಳೆಗೆ ತೂಗುತ್ತಿದೆ, ಒಂದು ಮೂಲೆಯಲ್ಲಿ ನಾನು ಕೆರೆದ ಹಸಿರು ಹಾಗೆಯೇ ಕಾಣುವಂತೆ. ನಮ್ಮ ಮನೆಯವರು ಅದರ ಎಡಗಡೆಯ ಹಿಡಿಗೆ ಕೊಡೆ ನೇತುಹಾಕುತ್ತಾರೆ. ಬೇಡವೆಂದು ಎರಡು ಸಲ ಹೇಳಿ ನೋಡಿದೆ.